ಕ್ಯಾರಿಹಾವಿನ ಹಿಕ್ಕಿ

ಎಂಬತ್ತೊಂದನೇ ಇಸವಿಯ ಸುಗ್ಗಿ ಮುಗಿದಿತ್ತು. ಶಿರಹಟ್ಟಿಯಲ್ಲಿ ಬೆಳ್ಳಟ್ಟಿ ಬಸ್ಸಿಗೆ ಕಾಯುತ್ತ ಇಬ್ಬರು ಹೆಂಗಸರು ನನ್ನ ಪಕ್ಕದ ಕಟ್ಟೆಯ ಮೇಲೆ ಕುಳಿತಿದ್ದರು. ಹಿರಿಯಾಕೆ ಶಂಕ್ರೆವ್ವ, ಕಿರಿಯಾಕೆ ಶಮಶಾದಬಿ ಎಂಬುದು ಮಾತಿನಲ್ಲೇ ತಿಳಿಯಿತು. ಮೊದಲು ಹಿರಿಯಾಕೆ ಕೇಳಿದಳು.

“ಶಮಶಾದ, ನಿಮ್ಮ ಹಿತ್ತಲದಾಗಿನ ಕ್ಯಾರಿಹಾವು ಹೊಡದ್ರೇನ?”

“ಇಲ್ಲ ಯಕ್ಕಾ. ನಮ್ಮ ಕೋಳಿಮರಿ ಕಾಣವಲ್ವು, ಹಾವ ನುಂಗೇತಿ ಅಂತ ನಮ್ಮವರು ಬಡಿಗಿ ತಗೊಂಡು ಬಣವಿ ಹಿಂದ ಹ್ವಾದ್ರು. ಹಾವು ಸಿಗಲಿಲ್ಲ, ಅದರ ಹಿಕ್ಕಿ ಸಿಕ್ತು.”

“ಹಾವಿಂದು ಅಂತ ಹೆಂಗ ಗೊತ್ತಾತು?”

“ಕರ್ರಗ ಉದ್ದಕ ಇತ್ತು, ತುದಿಗೆ ಸುಣ್ಣ ಮೆತ್ತಿದಂಗ ಬೆಳ್ಳಗ. ಹಾವಿನ ಉಚ್ಚಿನೂ ಹಂಗ ಗಟ್ಟಿಯಾಗೇ ಬರ್ತತಿ ಅಂತ ನಮ್ಮಪ್ಪ ಹೇಳ್ತಿದ್ದ.”

“ಶೀ, ಬಿಡ ತಂಗಿ.”

“ಕೇಳಬೇ. ಕಡ್ಡಿಲೆ ಒಡದು ನೋಡಿದೆ. ಬರೇ ಇಲಿ ಕೂದಲಾ. ಹಾವಿನ ಹೊಟ್ಯಾಗ ಎಲುಬು ಸೈತ ಕರಗತಾವ, ಕೂದಲಾ ಪುಕ್ಕಾ ಕರಗೂದಿಲ್ಲ. ಮರಿ ನುಂಗಿದ್ರ ಒಂದಾದ್ರೂ ಪುಕ್ಕಾ ಇರತಿದ್ದಿಲ್ಲೇನು?”

“ನಿನ್ನ ಗಂಡ ಒಪ್ಪಿದನ?”

“ಒಪ್ಪಿದ್ರು. ಜ್ವಾಳದ ಚೀಲ ಕಡಿಯೋ ಇಲಿ ತಿಂತೈತಿ, ಇರಲಿ ಬಿಡು ಅಂತ ಬಡಿಗಿ ಒಗದ್ರು.”

“ಮತ್ತ ಮರಿ ಎಲ್ಲಿ ಹ್ವಾದುವು?”

“ಅದ ತಿಳೀವಲ್ದು. ಗುರುತಿಗೆ ಕಾಲಿಗೆ ಕೆಂಪು ದಾರಾ ಕಟ್ಟಿದ್ದೆ.”

ಶಂಕ್ರೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು.

“ಆ ಮರಿ ನಮ್ಮ ಕೋಳಿ ಹಿಂದ ಅಡ್ಡಾಡಾಕತ್ತಾವ. ದಾರಾ ನಮ್ಮ ಸೊಸಿ ಕಟ್ಟ್ಯಾಳ ಅಂತ ತಿಳಕೊಂಡಿದ್ದೆ.”

“ಖರೆ? ಎಲ್ಲಾ ಅದಾವ?”

“ಎಲ್ಲಾ ಅದಾವ. ಸುಮ್ನ ಹಾವಿನ ಮ್ಯಾಲ ಹಾಕಿದ್ರಿ, ಕಳ್ಳಿ ನಾನ ಆದೆ.”

ಅಷ್ಟರಲ್ಲಿ ಬಸ್ಸು ಬಂತು. ಶಮಶಾದಬಿ ನಗುತ್ತಲೇ ಎದ್ದು ಅವಳ ಕೈಹಿಡಿದು ಎಬ್ಬಿಸಿದಳು.

“ನಡೀಬೇ ಕಳ್ಳಿ, ಜಲ್ದಿ ಹತ್ತು.”