ಜಾನಕೀಬಾಯಿ ಮೇಡಂ ಕೇಳುತ್ತಿದ್ದ ಪ್ರಶ್ನೆ

೨೦೨೩ರ ಬೇಸಿಗೆ. ವಾಡಿ ಸ್ಟೇಷನ್ನಿನಲ್ಲಿ ಸಿಮೆಂಟ್ ಕಾರ್ಖಾನೆಯ ಧೂಳು ಕೂಡಿ ಮಧ್ಯಾಹ್ನದ ಬಿಸಿಲು ಹಾಲಿನ ಹಾಗೆ ಬೆಳ್ಳಗಾಗಿತ್ತು. ಬೆಂಚಿನ ಮೇಲೆ ಕೂತಿದ್ದ ನನಗೆ ಅರೆನಿದ್ದೆ. ಅದೇ ಬೆಂಚಿನಲ್ಲಿ ನಮ್ಮೂರ ಕಾಲೇಜಿನ ಇಬ್ಬರು ಅಧ್ಯಾಪಕರು ಕೂತಿದ್ದರು: ಹಿರಿಯರಾದ ಶ್ರೀರಾಮ ಸರ್, ಕಿರಿಯರಾದ ಮುಸರತ್ ಮೇಡಂ.

"ಆನ್‌ಲೈನ್ ಎಂ.ಎ. ಜಾಹೀರಾತಿನ್ಯಾಗ ಜಾನಕೀಬಾಯಿ ಮೇಡಂ ಹೆಸರು ಯಾಕ ಹಾಕೀರಿ ಸರ್? ಅವರು ತೀರಕೊಂಡು ವರ್ಷ ಆತು."

"ಅವರ ಪಾಠದ ವಿಡಿಯೋ ಅದಾವಲ್ಲ. ಆ ಹೆಸರಿಗೇ ಅಡ್ಮಿಷನ್ ಬರ್ತಾವ ಅಂತ ಕಮಿಟಿಯವರು ಅಂದ್ರು."

"ಹುಡುಗ್ರು ಡೌಟ್ ಬರದು ಕಳಿಸಿದ್ರ?"

"ನೀವ ಉತ್ತರ ಬರೀರಿ. ಕೆಳಗ ಅವರ ಹೆಸರು ಹಾಕ್ರಿ."

"ನಿನ್ನೆ ಆ ವಿಡಿಯೋ ನೋಡಾಕತ್ತಿದ್ದೆ ಸರ್. ಪಾಠದ ನಡುವ 'ತಿಳೀತೇನ್ರಿ?' ಅಂತ ಕೇಳಿ, ಭಾಳ ಹೊತ್ತು ಸುಮ್ಮನ ನಿಲ್ತಾರ. ನಾನು 'ಹೂಂ ಮೇಡಂ' ಅಂದಬಿಟ್ಟೆ."

ತಲೆಯ ಮೇಲಿನ ಮೈಕಿನಲ್ಲಿ ಹೆಣ್ಣುದನಿಯೊಂದು ಗಾಡಿ ಬರುವ ಸುದ್ದಿ ಹೇಳಿತು. ಶ್ರೀರಾಮ ಸರ್ ಅತ್ತ ಕೈ ತೋರಿಸಿದರು.

"ಕೇಳ್ರಿ, ಈಕೀನೂ ಇಲ್ಲಿ ಇಲ್ಲ. ಇದೂ ರೆಕಾರ್ಡೇ. ಯಾರರ ತಕರಾರು ಮಾಡ್ತಾರೇನ್ರಿ?"

ಗಾಡಿ ಬಂತು. ಮುಸರತ್ ಮೇಡಂ ಚೀಲ ಎತ್ತಿಕೊಂಡು ಅದರತ್ತ ಹೆಜ್ಜೆ ಹಾಕಿದರು.

"ಈಕಿ 'ತಿಳೀತೇನ್ರಿ' ಅಂತ ಕೇಳಂಗಿಲ್ಲ ಸರ್."