ಬಾಣ ಯಾರದು?

“ನಾನು ಬಿಟ್ಟ ಬಾಣ ಗುರಿ ಮುಟ್ಟೋಕೆ ಎರಡು ದಿನ ತಗೊಂಡಿತ್ತು ಕಣ್ರೋ! ಅಷ್ಟು ದೂರಕ್ಕೆ ಹೊಡೆದಿದ್ದೆ. ಜಿರಾಫೆ ಬೇಲಿಯಾಚೆ, ಬೇರೆ ದೇಶದಲ್ಲಿ ಮೇಯ್ತಿತ್ತು. ಬಾಣ ಬರೋದು ನೋಡಿ ಓಡಿಹೋಗೋಕೂ ಪುರುಸೊತ್ತಿತ್ತು ಅದಕ್ಕೆ. ಆದ್ರೆ ಹೊಡೆದೋನು ಕಾಷೆ ಅಂತ ಗೊತ್ತಾಯ್ತು ನೋಡಿ, ಇನ್ನು ಓಡಿ ಏನು ಪ್ರಯೋಜನ ಅಂತ ಅಲ್ಲೇ ಮಲಗಿಬಿಡ್ತು.”

ಮುದುಕ ಕಾಷೆ ಹೀಗೆ ಬಾಯಿ ತೆಗೆದಾಗ ಕೊಳವೆಬಾವಿಯ ಪಕ್ಕದ ತಗಡಿನ ಮಾಡಿನ ಕೆಳಗೆ ಊರಿಗೆ ಊರೇ ಮುದುರಿ ಕೂತಿತ್ತು. ಕಲಹರಿ ಮರುಭೂಮಿಯ ಮೇಲೆ ಅಂಥ ಮಳೆ ಬಂದು ಎಷ್ಟೋ ಕಾಲವಾಗಿತ್ತು. ನಡುಮಧ್ಯಾಹ್ನವೇ ಕತ್ತಲು ಕವಿದು, ತಗಡಿನ ಸದ್ದಿಗೆ ಪಕ್ಕದವರ ಕೆಮ್ಮೂ ಕೇಳದೆ, ಕಾಷೆಯ ಗಂಟಲು ಮಾತ್ರ ಕೇಳುತ್ತಿತ್ತು. ಆ ಗಂಟಲಿನ ಮುಂದೆ ಗುಡುಗೇ ಎರಡು ಸಲ ಬಂದು ನಾಚಿಕೊಂಡು ವಾಪಸು ಹೋಗಿದೆಯೆಂದು ಊರಿನವರು ಆಣೆ ಮಾಡಿ ಹೇಳುತ್ತಾರೆ.

“ಜಿರಾಫೆ ಮಲಗಲಿಲ್ಲ ಕಣೋ ಮುದುಕ, ನಿನ್ನ ಮಾತು ಕೇಳಿ ಮೂರ್ಛೆ ಹೋಯ್ತು,” ಎಂದಳು ಹೋದ ವರ್ಷವಷ್ಟೇ ಪೂರ್ವದ ಕಡೆಯಿಂದ ಈ ಊರಿಗೆ ಬಂದು ನೆಲೆಸಿದ್ದ ಮುದುಕಿ ಉಕ್ಷಾ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ದಿಖಾವ್ ನಗಲಿಲ್ಲ. ಆಸ್ಟ್ರಿಚ್ ಮೊಟ್ಟೆಯ ಚಿಪ್ಪಿನ ಮಣಿಗಳನ್ನು ಪೋಣಿಸುತ್ತಾ ಕಂಬಕ್ಕೊರಗಿ ಕೂತಿದ್ದ ಅವಳಿಗೆ, ಈ ಚಿಕ್ಕಪ್ಪ ಮಳೆ ಬಂದಾಗಲೆಲ್ಲ ಕೊನೆಗೆ ಯಾವ ಕತೆಗೆ ಬರುತ್ತಾನೆಂಬುದು ಗೊತ್ತಿತ್ತು. ಅದು ಅವಳ ಅವ್ವನ ದೆವ್ವದ ಕತೆ. ಹತ್ತು ವರ್ಷದ ಮಗಳನ್ನು ಬಿಟ್ಟು, ಮುಂದಿಟ್ಟ ಮಾಂಸವನ್ನು ಮುಟ್ಟದೆ, ಅವ್ವ ಹಟ ಹಿಡಿದು ಸತ್ತಿದ್ದೇಕೆ? ನಲವತ್ತು ಮಳೆಗಾಲದಿಂದ ದಿಖಾವ್ ಅದೊಂದನ್ನೇ ಕೇಳಿಕೊಳ್ಳುತ್ತಾ ಬಂದಿದ್ದಳು. ಉತ್ತರ ಸಿಗದ ಸಿಟ್ಟನ್ನೆಲ್ಲ ಸತ್ತ ಅವ್ವನ ಮೇಲೇ ಹಾಕಿದ್ದಳು.

“ನಗಬೇಡಿ,” ಎಂದು ಕಾಷೆ ದನಿ ತಗ್ಗಿಸಿದ. “ಆಗ ಇಂಥ ಮಳೆ ಎಲ್ಲಿತ್ತು? ಮೂರು ವರ್ಷ ಒಂದು ಹನಿ ಇಲ್ಲ. ನಮ್ಮ ಬಿಲ್ಲು ಎಂಥದ್ದು ಅಂತ ನಿಮಗೇ ಗೊತ್ತು… ಹಾಲು ಕುಡಿಯೋ ಮಗು ಎಳೆದ್ರೂ ಬಗ್ಗುತ್ತೆ, ಬಾಣ ತಾಗಿದ್ರೆ ಮೃಗಕ್ಕೆ ಮುಳ್ಳು ಚುಚ್ಚಿದಷ್ಟೇ. ಕೊಲ್ಲೋದು ಬಿಲ್ಲಲ್ಲ, ಬಾಣಕ್ಕೆ ಬಳಿದ ಹುಳದ ವಿಷ. ಅದಕ್ಕೇ ಇಪ್ಪತ್ತು ಹೆಜ್ಜೆ ಹತ್ತಿರದ ತನಕ ತೆವಳಬೇಕು, ಉಸಿರು ಬಿಗಿಹಿಡಿದು ತೆವಳಬೇಕು… ನಾನು ಮೂರು ದಿನ ಉಸಿರೇ ಬಿಡಲಿಲ್ಲ! ಈಲ್ಯಾಂಡ್ ಜಿಂಕೆ ಕಣ್ರೋ, ಎತ್ತಿನಷ್ಟಲ್ಲ, ಮೋಡದಷ್ಟು ದೊಡ್ಡದು. ಹೊಡೆದೆ. ಹೊಡೆದು ಬಂದು ತಿನ್ನದೆ, ಓಡಾಡದೆ ಬಿದ್ಕೊಂಡೆ. ಹೊಡೆದೋನು ತಿಂದು ಗಟ್ಟಿಯಾಗಿದ್ರೆ ವಿಷ ಏರಿದ ಮೃಗವೂ ಗಟ್ಟಿಯಾಗಿ ಎದ್ದು ಓಡುತ್ತಲ್ಲ? ಮಾರನೇ ದಿನ ನಾನು, ಭಾವಮೈದುನ ಬೋ, ಇಬ್ಬರೂ ಹೆಜ್ಜೆ ಹಿಡಿದು ಹೋದ್ರೆ ಸತ್ತು ಬಿದ್ದಿತ್ತು. ಹೊರೋಕೆ ಎಲ್ಲರನ್ನೂ ಕರ್ಕೊಂಡು ಬಂದ್ವಿ. ‘ಬಾಣ ಯಾರ್ದು?’ ಅಂದ್ರು. ‘ನನ್ದು’ ಅಂದೆ.”

ಬಾಣ ಯಾರದೋ, ಮಾಂಸವೂ ಅವರದೇ, ಹಂಚುವ ಕೈಯೂ ಅವರದು. ಬಿಲ್ಲು ಎಳೆದವನಿಗೆ ಅದರಲ್ಲಿ ಮಾತಿಲ್ಲ. ಬಾಣವನ್ನು ಒಬ್ಬರಿಗೊಬ್ಬರು ಕೊಟ್ಟು ತಗೊಳ್ಳುವ ಜನ. ಮನೆಯಲ್ಲಿ ಕೂತ ಮುದುಕಿಯೂ ಹಾಗೆ ಮಾಂಸದ ಒಡತಿಯಾಗಬಹುದು.

“ನಾನೇ ಹಂಚಿದೆ. ಎದೆಯ ಕೊಬ್ಬು ನನ್ನ ಮೊಣಕೈಯಷ್ಟು ದಪ್ಪ! ಹೊಡೆದೋನಿಗೆ ಸೊಕ್ಕು ಬರಬಾರದಲ್ಲ, ರೂಢಿ ಪ್ರಕಾರ ಎಲ್ಲರೂ ಬೈದ್ರು, ‘ಈ ಒಣಕಲು ಮೂಳೆ ಹೊರೋಕೆ ನಮ್ಮನ್ನ ಇಷ್ಟು ದೂರ ನಡೆಸಿದ್ಯಾ, ಇದರ ಬದಲು ಮೊಲ ತಂದಿದ್ರೆ ಹೊಟ್ಟೆನಾದ್ರೂ ತುಂಬ್ತಿತ್ತು’ ಅಂತ. ಆಹಾ, ಎಂಥ ಬೈಗುಳ! ಒಬ್ಬಳು ಮಾತ್ರ ಬೈಲಿಲ್ಲ…”

ಮಣಿ ಪೋಣಿಸುತ್ತಿದ್ದ ದಿಖಾವ್‌ಳ ಬೆರಳು ನಿಂತಿತು.

“ನನ್ನ ಅತ್ತಿಗೆ ಚುಕೊ. ಗಂಡ ಸತ್ತೋಳು, ಮೈಯಲ್ಲಿ ರಕ್ತವಿಲ್ಲ. ಕೊಬ್ಬಿನ ತುಂಡು ಮುಂದಿಟ್ಟರೆ ಮುಟ್ಟಲಿಲ್ಲ. ಹೊಟ್ಟೆಕಿಚ್ಚು ಕಣ್ರೋ, ತಲೆಕೆಟ್ಟ ಹೆಂಗಸು! ಗುಡಿಸಲ ಹುಲ್ಲಿಗೆ ಮುಖ ಮಾಡಿ ಮಲಗಿದೋಳು ಆರನೇ ದಿನ ಸತ್ತಳು. ಆಮೇಲೆ ಶುರುವಾಯ್ತು… ನಾನು ಎಲ್ಲಿ ಬಿಲ್ಲೆತ್ತಲಿ, ಬೆನ್ನ ಹಿಂದೆ ಹುಲ್ಲು ಸರಿಯೋದು. ತಿರುಗಿದ್ರೆ ಯಾರೂ ಇಲ್ಲ. ಮರಳಿನ ಮೇಲೆ ಹೆಜ್ಜೆ ಇಲ್ಲ, ಯಾರೋ ಕೂತ ಗುರುತು ಮಾತ್ರ… ಮುಟ್ಟಿದ್ರೆ ಇನ್ನೂ ಬಿಸಿ. ಕಿವಿ ಹತ್ತಿರ ಬಂದು ಕೇಳೋಳು, ‘ಬಾಣ ಯಾರ್ದು?’ ‘ನನ್ದು’ ಅನ್ನೋದೇ ತಡ, ಇಲ್ಲಿ, ಭುಜದ ಕೆಳಗೆ ಚುಚ್ಚೋದು. ಸತ್ತೋರು ಹೊಡೆಯೋ ಬಾಣ ಕಣ್ಣಿಗೆ ಕಾಣುತ್ತಾ? ಬೋ ಹಿಂಗೇ ಭುಜ ಹಿಡ್ಕೊಂಡು ಸತ್ತ. ಅವನ ಹೆಂಡತಿ, ಆಮೇಲೆ ನನ್ನ ಹೆಂಡತಿ… ಅವತ್ತು ಆ ಮಾಂಸ ತಿಂದೋರು ಒಂಬತ್ತು ಜನ. ಒಬ್ಬೊಬ್ಬರನ್ನೇ…”

“ಚಿಕ್ಕಪ್ಪ,” ಎಂದಳು ದಿಖಾವ್. “ಬಾಣ ನಿಂದೇ ಆಗಿದ್ರೆ, ಅದು ಯಾರ್ದು ಅಂತ ನಮ್ಮವ್ವ ಯಾಕೆ ಕೇಳ್ತಾಳೆ?”

ಕಾಷೆ ಭುಜ ನೀವಿಕೊಂಡ.

“ಸತ್ತೋರಿಗೆ ಮರೆವು ಜಾಸ್ತಿ ಕಣವ್ವಾ…”

“ಸಿಟ್ಟಿದ್ದೋರಿಗೆ ಮರೆವು ಬರಲ್ಲ.” ಅವಳು ಎದ್ದು ನಿಂತಳು. ತೊಡೆಯ ಮೇಲಿದ್ದ ಮಣಿಗಳೆಲ್ಲ ಕೆಸರಿಗೆ ಚೆಲ್ಲಿದವು. “ನಲವತ್ತು ವರ್ಷ ನಮ್ಮವ್ವನ್ನ ಹುಚ್ಚಿ ಮಾಡಿ ಊರನ್ನ ನಗಿಸಿದೆ. ನಾನೂ ನಂಬಿದೆ. ಹಟಮಾರಿ, ನನ್ನ ಬಿಟ್ಟು ಸತ್ತಳು ಅಂತ ದಿನಾ ಬೈದೆ. ಹೊಡೆಯದಿರೋ ಜಿರಾಫೆ ಕತೆ ಸಾವಿರ ಹೇಳ್ತೀಯ, ಹೊಡೆದಿದ್ದು ಒಂದು, ಅದನ್ನ ಸರಿಯಾಗಿ ಹೇಳು. ಬಾಣ ಯಾರ್ದು?”

“ಹೇಳೋ,” ಎಂದಳು ಉಕ್ಷಾ. ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಮುದುಕ ನೆಲ ನೋಡಿದ. ಮೋಡದಷ್ಟು ದೊಡ್ಡ ಜಿಂಕೆಯನ್ನು ಹೊಡೆದವನು ಈಗ ಒಂದು ಮುಷ್ಟಿಯಷ್ಟಾಗಿದ್ದ.

“ಚುಕೊದು… ಅವಳೇ ನನಗೆ ಕೊಟ್ಟಿದ್ದ ಬಾಣ. ಹುಟ್ಟಿದಾಗಿಂದ ಬೇರೆಯವರ ಬಾಣದಲ್ಲೇ ಹೊಡೆದೋನು ನಾನು, ಒಂದು ಸಲನೂ ನನ್ನ ಕೈಯಿಂದ ಹಂಚಿರಲಿಲ್ಲ. ಒಂದೇ ಒಂದು ಸಲ ಹಂಚಬೇಕು ಅನ್ನಿಸ್ತು ಕಣವ್ವಾ. ಬೋನ ಎದುರಿಗೇ ಅವಳ ಬಾಣದ ಮೊನೆ ಕಿತ್ತು ಮರಳಲ್ಲಿ ಹೂತೆ, ಗಾಯಕ್ಕೆ ನನ್ನದು ತುರುಕಿದೆ. ಅವಳ ಬಾಣದ ಕಡ್ಡಿ ಬಿಸಾಕೋಕೆ ಮನಸ್ಸು ಬರಲಿಲ್ಲ. ಒಳ್ಳೇ ಜೊಂಡು, ನೆಟ್ಟಗಿತ್ತು. ಬತ್ತಳಿಕೆಯಲ್ಲೇ ಇಟ್ಕೊಂಡೆ. ನಿಮ್ಮವ್ವ ಅದನ್ನ ನೋಡಿದಳು… ಮೊನೆ ಇಲ್ಲದ, ತನ್ನ ಗುರುತಿದ್ದ ಬಾಣವನ್ನ. ಅವಳ ಮಾಂಸವನ್ನ ಅವಳಿಗೇ ಭಿಕ್ಷೆ ಹಾಕಿದ ಹಾಗೆ ನಾನು ಕೊಬ್ಬು ಮುಂದಿಟ್ಟಿದ್ದೆ.”

“ಬಾಯಿಬಿಟ್ಟು ಹೇಳಬಹುದಿತ್ತಲ್ಲ ಅವಳು!”

“ಹೇಳಿ, ನನ್ನನ್ನ ಎದುರು ಹಾಕ್ಕೊಂಡು? ನಾಳೆಯಿಂದ ನಿನ್ನ ಹೊಟ್ಟೆಗೆ ಬೇಟೆಯಾಡಿ ತರೋನು ನಾನೊಬ್ಬನೇ ಅಲ್ವಾ?”

ದಿಖಾವ್‌ಳ ಕೈ ಮೇಲೆದ್ದಿತು. ಹೊಡೆದೇಬಿಡುತ್ತಾಳೆಂದು ಎಲ್ಲರೂ ಅಂದುಕೊಂಡರು. ಕಾಷೆ ತಪ್ಪಿಸಿಕೊಳ್ಳಲಿಲ್ಲ. ಅವನು ಅವಳನ್ನು ನೋಡುತ್ತಲೇ ಇರಲಿಲ್ಲ. ಅವಳ ಹಿಂದೆ, ಮಾಡಿನ ಅಂಚಿನಲ್ಲಿ ನೀರು ಧಾರೆಯಾಗಿ ಬೀಳುತ್ತಿದ್ದ ಕಡೆಗೆ ಕಿವಿಗೊಟ್ಟಿದ್ದ.

“ನಿಜ ಹೇಳಿದ್ರೆ ಹೋಗ್ತಾಳೆ ಅಂದ್ಕೊಂಡಿದ್ದೆ…” ಎಂದ ಮೆಲ್ಲಗೆ. “ಹೋಗಲಿಲ್ಲ. ಈಗ ಬಾಣದ ಮಾತೇ ಎತ್ತುತ್ತಿಲ್ಲ ಅವಳು.”

“ಮತ್ತೆ?”

“‘ನಾನು ಹಂಚದ ಮಾಂಸ ತಿಂದೋರು ಇನ್ನು ಎಷ್ಟು ಜನ ಉಳಿದಿದ್ದಾರೆ’ ಅಂತಿದ್ದಾಳೆ.”

ದಿಖಾವ್‌ಳ ಎತ್ತಿದ ಕೈ ಅಲ್ಲೇ ನಿಂತಿತು. ಗುಡಿಸಲ ಬಾಗಿಲಲ್ಲಿ ಕೂತು, ಅವ್ವನ ಬೆನ್ನು ನೋಡುತ್ತಾ, ಆ ಕೊಬ್ಬಿನ ತುಂಡನ್ನು ಬೆರಳು ನೆಕ್ಕಿ ನೆಕ್ಕಿ ತಿಂದು ಮುಗಿಸಿದ್ದು ಯಾರೆಂದು ಅವಳಿಗೆ ನೆನಪಿತ್ತು.

“ನೀನು… ಏನು ಹೇಳಿದೆ ಅವಳಿಗೆ?”

“ಏನು ಹೇಳಲಿ ಮಗಳೇ,” ಎಂದ ಕಾಷೆ, “ಇನ್ನು ಸುಳ್ಳು ಹೇಳೋಕಾಗುತ್ತಾ? ಇಬ್ಬರು ಅಂದೆ.”