ಏರಿಯೊಳಗಿನ ದಾರಿ

ಬಾವಿ ದಾಟಿದ ಮೇಲೆ ಬೆಳಕಿಲ್ಲ. ಎಡಕ್ಕೆ ಪಾಳುಬಾವಿ, ಬಲಕ್ಕೆ ಹೊಸ ರಸ್ತೆಯ ಮಣ್ಣಿನ ಏರಿ, ಎರಡಾಳೆತ್ತರ. ನಡುವೆ ಕವಿತ ಒಬ್ಬಳೇ. ಕೈಯಲ್ಲಿ ತಂಬಿಟ್ಟಿನ ದೀಪದ ತಟ್ಟೆ, ಗಾಳಿಗೆ ಸೆರಗಿನ ಮರೆ.

ಕವಿತ ನನ್ನ ಚಿಕ್ಕಮ್ಮನ ಮಗಳು. ಶಿಡ್ಲಘಟ್ಟದ ಆಚೆ, ರೇಷ್ಮೆ ಸಾಕುವ ಮನೆಗೆ ಕೊಟ್ಟಿದ್ದಾರೆ. ಬಿ.ಎ. ಓದಿದ್ದಾಳೆ. ಕತೆ ಕಟ್ಟುವ ಶಕ್ತಿ ಅವಳಿಗಿಲ್ಲ. ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಅದಕ್ಕೇ ಇದನ್ನು ಹೇಳುತ್ತಿದ್ದೇನೆ.

ಏರಿಯ ಮೇಲೆ ಆ ಸಂಜೆ ರಸ್ತೆ ಹಬ್ಬ. ಮರುವಾರ ಉದ್ಘಾಟನೆ. ಎಕ್ಸ್‌ಪ್ರೆಸ್ ಹೆದ್ದಾರಿ, ಆಮೇಲೆ ಅಲ್ಲಿ ಕಾಲಿಟ್ಟರೆ ದಂಡ. ಟಿವಿಎಸ್ಸಿಗೂ ಟ್ರ್ಯಾಕ್ಟರಿಗೂ ಪ್ರವೇಶವಿಲ್ಲ. ಅದಕ್ಕೆ ಮುಂಚೆ ಒಂದು ಸಂಜೆ ‘ರಸ್ತೆ ನಿಮ್ಮದೇ’ ಎಂದು ರಸ್ತೆ ಕಂಪನಿಯವರು ಸುತ್ತಲಿನ ಊರವರನ್ನು ಕರೆದಿದ್ದರು. ನಮ್ಮ ಜನಕ್ಕೆ ಅಷ್ಟು ಸಾಕು. ಕಾರು ಓಡುವಲ್ಲಿ ಮ್ಯೂಸಿಕಲ್ ಚೇರ್, ಬಿಳಿ ಗೆರೆಯುದ್ದಕ್ಕೂ ರಂಗೋಲಿ, ಡಿವೈಡರ್ ಮೇಲೆ ಪುಳಿಯೋಗರೆ ಪಾತ್ರೆ. ಹೆಂಗಸರು ಮನೆಗೊಂದು ತಂಬಿಟ್ಟಿನ ದೀಪ ಹೊತ್ತು ಬಂದು, ಗಂಗಮ್ಮನಿಗೆ ಎತ್ತುವ ಆರತಿಯನ್ನು ಡಾಂಬರಿಗೆ ಎತ್ತಿದರು. ಮೇಲೆ ಡ್ರೋನ್ ಗುಂಯ್ ಎನ್ನುತ್ತಿತ್ತು.

ಎಲ್ಲಕ್ಕೂ ಮುಂದೆ ನಿಂತವನು ಮೋಹನ್‌ಬಾಬು. ಕವಿತಳ ಗಂಡನ ಅಣ್ಣ. ಊರವರ ಜಮೀನನ್ನು ರಸ್ತೆಗೆ ಕೊಡಿಸಿದವನೂ ಅವನೇ. ಏರಿಯ ಪಕ್ಕದಲ್ಲೇ ಸ್ವಲ್ಪ ದೂರಕ್ಕೆ ಸೈಟುಗಳ ಲೇಔಟ್ ಮಾಡಿ, ಅಲ್ಲೇ ಮನೆ ಕಟ್ಟಿಸಿಕೊಂಡಿದ್ದ. ಮನೆಯಿಂದ ಹಿಪ್ಪುನೇರಳೆ ತೋಟಕ್ಕಿದ್ದ ಕಾಲುದಾರಿ ಏರಿಯ ಕೆಳಗೆ ಹೋಯಿತು. ಹುಳು ಈಚೆ, ತೋಟ ಆಚೆ. ಹುಳಕ್ಕೆ ಹೊತ್ತು ಹೊತ್ತಿಗೆ ಹಸಿ ಸೊಪ್ಪು ಬೇಕು. ಊರು ಸುತ್ತಿ ತಂದರೆ ಬಾಡುತ್ತದೆ. ಬಾಡಿದ್ದನ್ನು ಹುಳು ಮೂಸುವುದಿಲ್ಲ.

ಕವಿತಳ ಅತ್ತೆ ಮಂಗಮ್ಮ ಇದನ್ನೇ ಹೇಳಿ, ಜಮೀನಿನ ಪತ್ರಕ್ಕೆ ಹೆಬ್ಬೆಟ್ಟು ಒತ್ತುವುದಿಲ್ಲ ಎಂದು ಕೂತಿದ್ದಳು. ಮೋಹನ್‌ಬಾಬು ತಾಯಿಯ ತಲೆ ಮುಟ್ಟಿದ.

“ಏರಿ ಕೆಳಗೆ ದಾರಿ ಬಿಡಿಸ್ತೀನಿ ಕಣಮ್ಮ. ನಿನ್ನಾಣೆ. ಏರಿ ಎದ್ದ ಮೇಲೆ ಕೊನೇಲಿ ಕೊರೀತಾರೆ.”

ತಲೆ ಮುಟ್ಟಿ ಸುಳ್ಳಾಡಿದರೆ ತಲೆ ಯಾರದೋ ಅವರಿಗೇ ತಟ್ಟುತ್ತದೆ ಅನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಮೂಢನಂಬಿಕೆ. ಮೋಹನ್‌ಬಾಬುವೂ ಹಾಗೇ ಅಂದುಕೊಂಡಿರಬೇಕು. ಮಂಗಮ್ಮ ಹೆಬ್ಬೆಟ್ಟು ಒತ್ತಿದಳು. ಏರಿ ಎದ್ದ ವರ್ಷವೇ, ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳು. ಏಳಲಿಲ್ಲ. ಅಲ್ಲೇ ಮಣ್ಣು ಮಾಡಿದರು.

ಆ ಮನೆಯಲ್ಲಿ ದೀಪ ಎತ್ತಿದರೆ ಅದನ್ನು ಹಿರಿಯರ ಸಮಾಧಿಗೂ ತೋರಿಸಬೇಕು. ಆರತಿ ಮುಗಿದದ್ದೇ ಕವಿತ ತಟ್ಟೆ ಹಿಡಿದು ಹೊರಟಳು.

“ಎಲ್ಲಿಗಮ್ಮ?” ಅಂದ ಮೋಹನ್‌ಬಾಬು.

“ಅತ್ತೆ ಹತ್ರ ಇಟ್ಟು ಬರ್ತೀನಿ ಭಾವ.”

“ಇವತ್ತು ಬೇಡ ಬಿಡು. ನಾಳೆ ಕಾರಲ್ಲಿ ಕರ್ಕೊಂಡು ಹೋಗ್ತೀನಿ.”

ಎದುರಿಗಿರುವ ತೋಟಕ್ಕೆ ಕಾರು! ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ತಾಜ್ ಪಾಷಾ ತಲೆ ತಗ್ಗಿಸಿದ. ಅವನು ಶಿಡ್ಲಘಟ್ಟದಲ್ಲಿ ನೂಲು ತೆಗೆಸುವವನು, ಇವಳ ರೇಷ್ಮೆಗೂಡು ಕೊಳ್ಳುವವನು. ಮೋಹನ್‌ಬಾಬು ಅತ್ತ ಹೋದ ಮೇಲೆ ಮೆಲ್ಲಗೆ ಅಂದ:

“ಆಚೆ ಹೋಗಕ್ಕಾಗಲ್ಲ ತಂಗಿ. ಮಧ್ಯಾಹ್ನ ಬೇಲಿ ಹಾಕಿ ಮುಚ್ಬಿಟ್ರು. ನಿಮ್ಮ ದಾರೀನ ನಿಮ್ಮ ಭಾವನ ಲೇಔಟ್ ಹತ್ರ ಹಾಕವ್ರಲ್ಲ, ಗೊತ್ತಿಲ್ವಾ?”

“ತಮಾಷೆ ಮಾಡ್ಬೇಡಿ ಪಾಷಣ್ಣ.”

“ನಾನ್ಯಾಕಮ್ಮ ತಮಾಷೆ ಮಾಡ್ಲಿ? ಸೊಪ್ಪಿಲ್ದೆ ನೀವು ಗೂಡು ಎಲ್ಲಿಂದ ಕೊಡ್ತೀರಾ ನಂಗೆ?”

ಕಣ್ಣಾರೆ ನೋಡಲೆಂದೇ ಅವಳು ಬಾವಿಯ ಕಡೆಯಿಂದ ಇಳಿದು ಬಂದದ್ದು. ಹಳೆಯ ಕಾಲುದಾರಿ ಏರಿಗೆ ಮುಟ್ಟುವ ಜಾಗ. ಅಷ್ಟು ದಿನ ಏರಿ ಹತ್ತಿ ಆಚೆ ಇಳಿಯುತ್ತಿದ್ದ ಸಂದಿಗೆ ಕಬ್ಬಿಣದ ಬೇಲಿ. ಬೆಸುಗೆಯ ವಾಸನೆ ಇನ್ನೂ ಇತ್ತು. ಎಲ್ಲೂ ಕೊರೆದಿರಲಿಲ್ಲ. ಕೊರೆಯುವ ಗುರುತೂ ಇರಲಿಲ್ಲ.

ತಟ್ಟೆಯನ್ನು ಏರಿಯ ಬುಡದಲ್ಲಿಟ್ಟಳು. ದೂರದಲ್ಲಿ ಡಿಜೆ... ದುಬ್, ದುಬ್...

ಆಗ ಕೇಳಿಸಿತು. ಏರಿಯ ಒಳಗಿನಿಂದ.

ಸರ್... ಸರ್... ಸೊಪ್ಪಿನ ಹೊರೆ ಮಣ್ಣಿನ ಗೋಡೆಗೆ ಉಜ್ಜುವ ಸದ್ದು. ಟಿಣ್. ಕಾಲುಂಗುರ ಕಲ್ಲಿಗೆ ತಾಗಿದ್ದು. ಮತ್ತೆ ಸರ್... ನಿಂತಿತು. ಹೊರೆ ಹೊತ್ತವರು ಹಲ್ಲಿನ ಸಂದಿಯಲ್ಲಿ ಬಿಡುವ ಉಸಿರು... ಉಸ್ಸ್...

“ಯಾರದು?” ಪಿಸುದನಿ.

ಆ ದನಿ ಅವಳಿಗೆ ಗೊತ್ತು. ಏಳು ವರ್ಷ ಬೈಸಿಕೊಂಡಿದ್ದಳು.

“ನಾನು ಅತ್ತೆ... ಕವಿತ.”

“ಜರುಗೇ. ಸೊಪ್ಪು ಬಾಡ್ತದೆ.”

ಕವಿತ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ಎಷ್ಟು ನಡೆದ್ರೂ ಕೊನೆ ಸಿಗಲ್ಲ ಕಣೇ... ಮೋಹನ ಎಲ್ಲಿ ಕೊರ್ಸವ್ನೆ?”

ಸುಳ್ಳು ಹೇಳಬಹುದಿತ್ತು. ಬದುಕಿದ್ದಾಗ ಆ ಮುದುಕಿಗೆ ಎಲ್ಲರೂ ಹೇಳಿದ್ದರು.

“ಕೊರ್ಸಿಲ್ಲ ಅತ್ತೆ. ಇಲ್ಲಿ ದಾರಿ ಇಲ್ಲ. ಅವ್ರ ಲೇಔಟ್ ಹತ್ರ ಹಾಕಿಸ್ಕೊಂಡ್ರು.”

ಒಳಗೆ ಒಂದು ಹಿಡಿ ಮಣ್ಣು ಉದುರಿತು.

“ನನ್ನ ತಲೆ ಮುಟ್ಟಿದ್ನಲ್ಲೇ...”

“ಹ್ಞೂಂ.”

“ಓ... ಅದಕ್ಕಾ.”

ಅಷ್ಟೇ. ಅಳುವಿಲ್ಲ, ಕೋಪವಿಲ್ಲ. ಬಹಳ ದಿನದಿಂದ ತಿಳಿಯದಿದ್ದುದು ತಿಳಿದ ಹಾಗೆ. ಆಮೇಲೆ ಟಿಣ್... ಸರ್... ಸರ್... ಸದ್ದು ಹಿಂದಕ್ಕೆ ಹೋಗಲಿಲ್ಲ. ಏರಿಯ ಉದ್ದಕ್ಕೆ, ಒಳಗೊಳಗೇ, ಲೇಔಟಿನ ದಿಕ್ಕಿಗೆ ಹೋಯಿತು.

ಕವಿತ ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಮೋಹನ್‌ಬಾಬು ಹೆಂಡತಿ ಪವಿತ್ರ ಫೋನು ಮಾಡಿದಳು.

“ರಾತ್ರಿ ನಮ್ಮನೆಗೆ ಬಂದಿದ್ಯೇನೇ?”

“ಇಲ್ಲಕ್ಕ.”

“ಮತ್ತೆ ನಡುಮನೇಲಿ ಒಂದು ಹೊರೆ ಸೊಪ್ಪು ಬಿದ್ದೈತಲ್ಲೇ... ನಿಮ್ಮ ಭಾವ ಅದರ ಮುಂದೆ ಕೂತವ್ರೆ. ಬಂದು ನಿನ್ನ ಹುಳಕ್ಕಾದ್ರೂ ತಗೊಂಡು ಹೋಗೇ.”

“ಬೇಡಕ್ಕ. ಅತ್ತೆ ನಿಮ್ಮನೆಗೆ ತಂದಿರೋದು.”

ಸೊಪ್ಪಿಲ್ಲದೆ, ಆ ಸಲ ಸಾಕಿದ್ದ ಹುಳುಗಳನ್ನು ಕವಿತ ತಿಪ್ಪೆಗೆ ಸುರಿದಳು.

ಸುದ್ದಿ ತಿಳಿದು ನಾನು ಲೇಔಟಿನ ಮನೆಗೆ ಹೋದದ್ದು ಅದೇ ಮಧ್ಯಾಹ್ನ. ಹುಡುಗರ ಕೀಟಲೆ ಎಂದುಕೊಂಡೇ ಹೋದೆ. ಮುಂಬಾಗಿಲಿಗೆ, ಹಿಂಬಾಗಿಲಿಗೆ ರಾತ್ರಿಯೆಲ್ಲ ಒಳಗಿನಿಂದ ಚಿಲಕ. ಕ್ಯಾಮೆರಾದಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ. ಬಿಳಿ ಟೈಲ್ಸಿನ ಮೇಲೆ ಒಂದು ಹೆಜ್ಜೆಯ ಮಣ್ಣೂ ಇಲ್ಲ. ಇದಕ್ಕೆಲ್ಲ ಏನಾದರೂ ಕಾರಣ ಹುಡುಕಬಹುದು, ನಾನೂ ಹುಡುಕಿದೆ.

ಆದರೆ ಹೊರೆಯ ಪಕ್ಕದಲ್ಲಿ, ಹಳೆಯ ಸೀರೆ ತುಂಡನ್ನು ಸುತ್ತಿ ಮಾಡಿದ ತಲೆಯ ಸಿಂಬೆ ಇತ್ತು. ಬೇರೆ ಯಾರ ಮಾತೂ ಅಲ್ಲ, ಮುಟ್ಟಿ ನೋಡಿದವನು ನಾನೇ. ಬೆವರಿಗೆ ಒದ್ದೆಯಾಗಿತ್ತು. ಬೆಚ್ಚಗಿತ್ತು.